ಜಾಗ ಉಳಿಸಿದ ಅಕ್ಷರ: ಟೈಮ್ಸ್ ನ್ಯೂ ರೋಮನ್

ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ವರದಿ ಸಿದ್ಧಪಡಿಸುವ ಕಾಲೇಜು ವಿದ್ಯಾರ್ಥಿಗಳಿಗೆ ‘ಟೈಮ್ಸ್ ನ್ಯೂ ರೋಮನ್’ ಹೊಸ ಹೆಸರೇನಲ್ಲ. ಆದರೆ ಈ ಅಕ್ಷರ ಹುಟ್ಟಿದ್ದು ವರದಿಗಾಗಿ ಅಲ್ಲ, ಪತ್ರಿಕೆಗಾಗಿ.

ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಅಚ್ಚು ಕಾಲಕ್ಕೆ ತಕ್ಕಂತಿಲ್ಲವೆಂದು ಮುದ್ರಣ ತಜ್ಞ ಸ್ಟ್ಯಾನ್ಲಿ ಮಾರಿಸನ್ 1929ರಲ್ಲಿ ಟೀಕಿಸಿದರು. ಸುಧಾರಣೆಯ ಹೊಣೆ ಅವರ ಹೆಗಲಿಗೇ ಬಿತ್ತು. ಅವರ ಮಾರ್ಗದರ್ಶನದಲ್ಲಿ ವಿಕ್ಟರ್ ಲಾರ್ಡೆಂಟ್ ಹೊಸ ಅಕ್ಷರಗಳನ್ನು ರಚಿಸಿದರು. 1932ರ ಅಕ್ಟೋಬರ್ 3ರಂದು ಪತ್ರಿಕೆ ಅವುಗಳಲ್ಲಿ ಅಚ್ಚಾಗಿ ಹೊರಬಂತು.

ಗೆರೆಗಳ ತುದಿಯಲ್ಲಿ ‘ಸೆರಿಫ್’ ಎಂಬ ಪುಟ್ಟ ಚಾಚು; ಸಣ್ಣ ಅಕ್ಷರಗಳ ಒಡಲು ಎತ್ತರ, ಅಗಲ ಕಡಿಮೆ. ಹೀಗಾಗಿ ಪತ್ರಿಕೆಯ ಕಿರಿದಾದ ಅಂಕಣದಲ್ಲೂ ಹೆಚ್ಚು ಪದಗಳು ಹಿಡಿಸುತ್ತಿದ್ದವು, ಓದಲು ತೊಡಕಾಗುತ್ತಿರಲಿಲ್ಲ. 1992ರಲ್ಲಿ ವಿಂಡೋಸ್ 3.1ರೊಂದಿಗೆ ಈ ಅಕ್ಷರ ಕಂಪ್ಯೂಟರಿಗೂ ಬಂತು.

ಎ4 ಹಾಳೆಯ ಉದ್ದ ಸಾಲಿನಲ್ಲಿ ಮಾತ್ರ ಇದೇ ಗುಣ ದೋಷವಾಗುತ್ತದೆ. ಸಾಲಿನ ತುಂಬ ಪದಗಳು ಕಿಕ್ಕಿರಿದು, ಮುಂದಿನ ಸಾಲಿನ ಆರಂಭ ಹುಡುಕಲು ಕಣ್ಣು ತಡಕಾಡುತ್ತದೆ. ಇದಕ್ಕೆ ಪರಿಹಾರ ಸುಲಭ: 12 ಪಾಯಿಂಟ್ ಗಾತ್ರ, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ, ಎರಡೂ ಬದಿಗೆ ಧಾರಾಳ ಅಂಚು. ನಾಲ್ಕು ಪುಟ ಹೆಚ್ಚಾದರೂ ಚಿಂತೆಯಿಲ್ಲ; ಓದುವವರಿಗೆ ಹಿತವಾಗಿರಬೇಕು.