ಬಾಗಿಲು ತಟ್ಟುತ್ತಿದ್ದ ಕೈ

ಅವರ ಅಂತ್ಯಕ್ರಿಯೆಯ ದಿನ ದೇವಾಲಯದ ಬೆಂಚುಗಳು ತುಂಬಿರಲಿಲ್ಲ. ಇಷ್ಟೊಂದು ಜನರಿಗೆ ಆಸರೆಯಾದವರನ್ನು ಬೀಳ್ಕೊಡಲು ಇಷ್ಟೇ ಜನರೇ ಎಂದು ನನ್ನ ಮನಸ್ಸು ಒಂದು ಕ್ಷಣ ನೊಂದದ್ದುಂಟು. ಬಲಿಪೂಜೆಯ ನಡುವೆ ಕಾರಣ ಹೊಳೆಯಿತು. ಅವರಿಗೆ ಋಣಿಗಳಾದವರೆಲ್ಲ ಹಾಸಿಗೆ ಹಿಡಿದವರು, ದೃಷ್ಟಿ ಮಂದವಾದವರು, ಗುಡ್ಡದ ಮನೆಯಿಂದ ರಸ್ತೆಗೆ ಇಳಿಯಲಾರದವರು. ಅವರು ಬರುವುದಾದರೂ ಹೇಗೆ?

ಮನೆಯವರ ಅಪೇಕ್ಷೆಯಂತೆ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಗಡಿ ಕೂಡುವ ಕಡೆ ಅವರು ಅಂಚೆಯಣ್ಣನಾಗಿದ್ದರು. ವೃದ್ಧಾಪ್ಯ ವೇತನ ಮನಿಯಾರ್ಡರ್ ಮೂಲಕ ಬರುತ್ತಿದ್ದ ಕಾಲವದು. ಯಾವ ಮನೆಯಲ್ಲಿ ಯಾರು ಒಂಟಿ, ಯಾರ ಮಗ ಮುಂಬಯಿಯಲ್ಲಿ, ಯಾರ ಮಗಳು ಕೊಲ್ಲಿ ರಾಷ್ಟ್ರದಲ್ಲಿ ಎಂಬುದೆಲ್ಲ ಅವರಿಗೆ ಕಂಠಪಾಠ. ನಿವೃತ್ತಿಯ ಬಳಿಕ ಅಂಚೆಚೀಲ ಹೋಯಿತು, ನಡಿಗೆ ನಿಲ್ಲಲಿಲ್ಲ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರಾಗಿ ಅದೇ ಬಾಗಿಲುಗಳನ್ನು ಅವರು ಬರಿಗೈಯಲ್ಲಿ ತಟ್ಟಿದರು. 1833ರಲ್ಲಿ ಫ್ರೆಡರಿಕ್ ಓಝನಾಂ ಮತ್ತು ಸಂಗಡಿಗರು ಪ್ಯಾರಿಸಿನಲ್ಲಿ ಆರಂಭಿಸಿದ ಆ ಸಭೆಗೆ ಬಡವರ ಮನೆಭೇಟಿಯೇ ಮೂಲಕಾರ್ಯವಲ್ಲವೇ?

ಅವರು ಮಾಡಿದ್ದು ದೊಡ್ಡ ಕೆಲಸಗಳಲ್ಲ. ಮಾತ್ರೆಗಳನ್ನು ಹೊತ್ತಿಗೆ ತಕ್ಕಂತೆ ವಿಂಗಡಿಸಿಡುವುದು, ಮಳೆಗಾಲಕ್ಕೆ ಮುನ್ನ ಹೆಂಚು ಸರಿಮಾಡಿಸುವುದು, ಒಟ್ಟಿಗೆ ಕುಳಿತು ಗಂಜಿ ಉಣ್ಣುವುದು. ಪಿಂಚಣಿದಾರರು ತಾವು ಬದುಕಿದ್ದೇವೆಂದು ನವೆಂಬರಿನಲ್ಲಿ ಪ್ರಮಾಣಪತ್ರ ಕೊಡಬೇಕಷ್ಟೆ. ಆಗ ಅಜ್ಜಂದಿರನ್ನು ರಿಕ್ಷಾದಲ್ಲಿ ಬ್ಯಾಂಕಿಗೆ ಕರೆದೊಯ್ಯುತ್ತಿದ್ದವರು ಇವರೇ. ಸರಕಾರಕ್ಕೆ ಆ ಪುರಾವೆ ವರ್ಷಕ್ಕೊಮ್ಮೆ ಸಾಕು. ಒಂಟಿ ಮುದುಕಿಗೆ ತಾನು ಬದುಕಿದ್ದೇನೆಂಬುದಕ್ಕೆ ಸಾಕ್ಷಿ ದಿನವೂ ಬೇಕು. ಅಂಗಳದಿಂದ ಯಾರಾದರೂ ಹೆಸರು ಹಿಡಿದು ಕರೆದಾಗ ಮಾತ್ರ ಅದು ದೊರೆಯುತ್ತದೆ.

ತಂದೆತಾಯಿಯರ ಋಣವನ್ನು ಪೂರ್ಣವಾಗಿ ತೀರಿಸಲಾಗದೆಂದು ಅರಿಸ್ಟಾಟಲ್ ಕಂಡುಕೊಂಡಿದ್ದ. ಸಂತ ತೋಮಾಸ್ ಅಕ್ವಿನಾಸರು ಹೆತ್ತವರ ಬಗೆಗಿನ ಭಕ್ತಿಯನ್ನು ನ್ಯಾಯವೆಂಬ ಸದ್ಗುಣದೊಂದಿಗೆ ಸೇರಿಸಿ ವಿವೇಚಿಸಿದರು. ಆದುದರಿಂದ ಹಿರಿಯರ ಸೇವೆ ನಾವು ನೀಡುವ ದಾನವಲ್ಲ, ಸಲ್ಲಿಸಬೇಕಾದ ಬಾಕಿ. 2007ರ ಕೇಂದ್ರ ಕಾಯಿದೆಯೂ ಹೆತ್ತವರ ಪೋಷಣೆಯನ್ನು ಮಕ್ಕಳ ಹೊಣೆಯನ್ನಾಗಿಸಿದೆ. ನೊಂದ ಹಿರಿಯರು ಉಪವಿಭಾಗದ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಆದರೆ ಕಾಯಿದೆ ಮಾಸಾಶನವನ್ನು ವಿಧಿಸಬಲ್ಲದೇ ಹೊರತು ಮಗ್ಗುಲಲ್ಲಿ ಕುಳಿತು ಮಾತನಾಡುವ ಮನಸ್ಸನ್ನು ವಿಧಿಸಲಾರದು.

ಹೆಸರಿಲ್ಲದ ಸೇವೆಯೆಂದಾಗ ಸಂತ ಜಾನ್ ಜುಗಾನ್ ನೆನಪಾಗುತ್ತಾರೆ. 1839ರ ಚಳಿಗಾಲದಲ್ಲಿ, ಫ್ರಾನ್ಸಿನ ಸೆಂ-ಸರ್ವಾನಿನಲ್ಲಿ, ಕುರುಡಿಯಾದ ವೃದ್ಧೆಯೊಬ್ಬಳನ್ನು ಮನೆಗೆ ತಂದು ಆಕೆ ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ವೃದ್ಧರಿಗಾಗಿ ಬುಟ್ಟಿ ಹಿಡಿದು ಮನೆಮನೆ ಬೇಡಿದರು. ಹೀಗೆ ಹುಟ್ಟಿದ ಬಡವರ ಕಿರಿಯ ಸಹೋದರಿಯರ ಸಭೆಯಲ್ಲಿ 1843ರಲ್ಲಿ ಅವರನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಲಾಯಿತು. 1852ರಿಂದ 1879ರಲ್ಲಿ ಸಾಯುವವರೆಗೆ, ಇಪ್ಪತ್ತೇಳು ವರ್ಷ, ಅವರು ಮಾತೃಮಠದಲ್ಲಿ ತೆರೆಮರೆಯಲ್ಲೇ ಉಳಿದರು. ಸ್ಥಾಪಕಿ ಇವರೇ ಎಂಬುದು ಕಿರಿಯ ಸಹೋದರಿಯರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅವರನ್ನು ಸಂತರೆಂದು ಘೋಷಿಸಿದರು. ಆಕೆಯ ಸಹೋದರಿಯರು ನಮ್ಮ ಬೆಂಗಳೂರಿನಲ್ಲಿಯೂ ವೃದ್ಧರನ್ನು ಪೋಷಿಸುತ್ತಿದ್ದಾರೆ. ಹೆಸರು ಅಳಿಸಿದರೂ ಕಾರ್ಯ ಅಳಿಯಲಿಲ್ಲ.

ಅದು ಅಳಿಯದಿರಲು ಯಾರಾದರೂ ಮುಂದುವರಿಸಬೇಕಾಗುತ್ತದೆ. ನಮ್ಮ ಈ ಹಿರಿಯರು ಯಾವ ಪಟ್ಟಿಯನ್ನೂ ಬರೆದಿಟ್ಟು ಹೋಗಲಿಲ್ಲ. ಅವರು ಹೋಗುತ್ತಿದ್ದ ಮನೆಗಳನ್ನು ಗುರಿಕಾರರೊಂದಿಗೆ ಹುಡುಕುತ್ತ ಹೊರಟೆವು. ಅಡಿಕೆ ತೋಟದಾಚೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಹೆಜ್ಜೆಯ ಸಪ್ಪಳ ಕೇಳಿ ಒಳಗಿನಿಂದಲೇ ಅವರ ಹೆಸರು ಕೂಗಿದರು. ಅವರು ತೀರಿಕೊಂಡ ಸುದ್ದಿ ಆಕೆಗೆ ಮುಟ್ಟಿರಲಿಲ್ಲ. ಹೇಳಬೇಕಾದವನು ನಾನಾದೆ. ನನ್ನದೇ ಧರ್ಮಕೇಂದ್ರದ ಆ ಮನೆಗೆ ನಾನು ಕಾಲಿಟ್ಟದ್ದು ಅದೇ ಮೊದಲು ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ದಿನವನ್ನಾಗಿ ಗೊತ್ತುಪಡಿಸಿದರು. ಅಂದು ಸಭಾಂಗಣದಲ್ಲಿ ಶಾಲು ಹೊದಿಸುವುದು ಒಳ್ಳೆಯದೇ. ಆದರೆ ಸಭಾಂಗಣಕ್ಕೆ ಬರಲಾರದವರ ಎಣಿಕೆ ಪ್ರತಿ ವಾರ್ಡಿನಲ್ಲೂ ಆಗಲಿ. ಒಂದೊಂದು ಮನೆಗೆ ಒಬ್ಬೊಬ್ಬರು ಹೊಣೆಯಾಗಲಿ. ಜಾತಿಮತ ಕೇಳದಿರಲಿ, ಅವರೂ ಕೇಳುತ್ತಿರಲಿಲ್ಲ. ಅಗಲಿದ ಈ ಸೇವಕನಿಗೆ ಸಲ್ಲತಕ್ಕ ಸ್ಮಾರಕ ಇದೊಂದೇ.

ಆ ಅಜ್ಜಿಯ ಮನೆಗೆ ಈಗ ನೆರೆಯ ಹುಡುಗನೊಬ್ಬ ಶಾಲೆ ಬಿಟ್ಟ ಮೇಲೆ ಹೋಗಿ ಬರುತ್ತಾನೆ. ಉಳಿದ ಮನೆಗಳ ಬಾಗಿಲುಗಳು ಕಾಯುತ್ತಿವೆ. ಪ್ರಭುವು ಅವರ ಆತ್ಮಕ್ಕೆ ನಿತ್ಯಶಾಂತಿಯನ್ನೂ ನಮ್ಮ ಕಾಲುಗಳಿಗೆ ಅವರ ನಡಿಗೆಯನ್ನೂ ದಯಪಾಲಿಸಲಿ.