ಹೆದ್ದಾರಿಯ ಮಗ್ಗುಲಲ್ಲಿ ಮನೆ ಕೊಳ್ಳುವ ಮುನ್ನ

ಕಾಫಿ, ಅಡಿಕೆ ಮಾರಿ, ಸಾಲದ ಕಂತು ಕಟ್ಟಿ, ಕೈಯಲ್ಲಿ ನಾಲ್ಕು ಕಾಸು ಉಳಿದ ವರ್ಷ ನಮ್ಮಲ್ಲಿ ಅನೇಕರ ಮನಸ್ಸು ಪೇಟೆಯ ಕಡೆ ಹರಿಯುವುದು ಸಹಜ. ಮಕ್ಕಳ ಓದು, ವಯಸ್ಸಾದವರ ಔಷಧೋಪಚಾರ, ಮಳೆಗಾಲದಲ್ಲಿ ದಾರಿಯೂ ಕರೆಂಟೂ ಒಟ್ಟಿಗೇ ಕೈಕೊಡುವ ಕಷ್ಟ, ಇವುಗಳಿಗಾಗಿ ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಶಿವಮೊಗ್ಗಗಳ ಹೊರವಲಯದಲ್ಲಿ ಒಂದು ಮನೆ ಇರಲಿ ಎಂದು ಹುಡುಕುತ್ತೇವೆ. ಹತ್ತು ಹದಿನೈದು ನಿವೇಶನಗಳ ಚಿಕ್ಕ ಬಡಾವಣೆ ಹೆದ್ದಾರಿಗೆ ಅಂಟಿಕೊಂಡೇ ಇದ್ದರೆ, ಬಸ್ಸು ಬಾಗಿಲಿಗೇ ಬರುತ್ತದೆ ಎಂದು ಮಾರುವವರು ಹೇಳುತ್ತಾರೆ. ಬಸ್ಸು ಬರುವ ಬಾಗಿಲಿಗೆ ಲಾರಿಯ ಸದ್ದೂ ಬರುತ್ತದೆ ಎಂಬುದನ್ನು ಹೇಳುವುದಿಲ್ಲ. ಪತ್ರ, ಖಾತೆ, ನೀರು, ಚರಂಡಿ ಎಲ್ಲವನ್ನೂ ವಿಚಾರಿಸುವ ನಾವು ಸದ್ದನ್ನು ಮಾತ್ರ ವಿಚಾರಿಸದೆ ಬಿಡುತ್ತೇವೆ. ಗೋಡೆಯ ಬಿರುಕನ್ನು ಆಮೇಲೆ ಮುಚ್ಚಬಹುದು, ಹೆದ್ದಾರಿಯನ್ನು ಸರಿಸಲಾಗದು. ಆದ್ದರಿಂದ ಮುಂಗಡ ಕೊಡುವ ಮೊದಲೇ ತಿಳಿದಿರಬೇಕಾದ ಕೆಲವು ಅಂಶಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಸದ್ದಿನ ಲೆಕ್ಕ

ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಇದು ಮೂಟೆ ಎಣಿಸಿದಂತೆ ಕೂಡುವ ಲೆಕ್ಕವಲ್ಲ. 10 ಡೆಸಿಬಲ್ ಏರಿದರೆ ಕಿವಿಗೆ ಸದ್ದು ಸುಮಾರು ಎರಡರಷ್ಟು ಎನಿಸುತ್ತದೆ. 2000ದ ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6ರವರೆಗೆ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಯೂರೋಪಿಗಾಗಿ ಹೊರಡಿಸಿದ ಮಾರ್ಗಸೂಚಿಯೂ ರಸ್ತೆಯ ಸದ್ದು ರಾತ್ರಿ ಸರಾಸರಿ 45ನ್ನು ಮೀರಿದರೆ ನಿದ್ರೆಗೆ ಕೆಡುಕೆಂದು ಹೇಳಿದೆ. ಆದರೆ ಮಿತಿ ಕಾಗದದಲ್ಲಿದ್ದ ಮಾತ್ರಕ್ಕೆ ಲಾರಿ ಅದನ್ನು ಪಾಲಿಸುತ್ತದೆಂದು ನಂಬಿ ಹಣ ಹಾಕುವಂತಿಲ್ಲ.

ದೂರದ ವಿಷಯದಲ್ಲಿ ನಮ್ಮ ಅಂದಾಜು ತಪ್ಪುವುದೇ ಹೆಚ್ಚು. ರಸ್ತೆಯಿಂದ ದೂರ ಇಮ್ಮಡಿಯಾದಾಗ ಸದ್ದು ಇಳಿಯುವುದು 3ರಿಂದ 4.5 ಡೆಸಿಬಲ್ ಮಾತ್ರ. 30 ಮೀಟರ್ ದೂರದ ನಿವೇಶನ ಬಿಟ್ಟು 60 ಮೀಟರ್ ದೂರದ್ದನ್ನು ಕೊಂಡರೆ ಸದ್ದು ಅರ್ಧವಾಗುವುದಿಲ್ಲ. ಕಿವಿಗೆ ಅರ್ಧವೆನಿಸಬೇಕಾದರೆ, ಬಯಲಿನಲ್ಲಿ 150ರಿಂದ 300 ಮೀಟರಾದರೂ ದೂರ ಸರಿಯಬೇಕು.

ಮರಗಳ ಮೇಲೆ ಭರವಸೆ ಬೇಡ

ತೋಟದವರಾದ ನಾವು, ಎರಡು ಸಾಲು ಸಿಲ್ವರ್ ಮರ ಹಾಕಿದರೆ ಸರಿಹೋಗುತ್ತದೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಸಿಲ್ವರ್ ಮರದ ಬುಡದಿಂದ ಮೇಲಿನವರೆಗೆ ಬರೀ ಕಾಂಡ. ಸದ್ದು ಅದರ ನಡುವೆ ನಿರಾತಂಕವಾಗಿ ಹಾದು ಬರುತ್ತದೆ. ನೆಲದಿಂದಲೇ ದಟ್ಟವಾಗಿ, ಆಚೆ ಕಾಣದಂತೆ ಬೆಳೆದ ಸುಮಾರು 30 ಮೀಟರ್ ಅಗಲದ ಕಾಡಿನ ಪಟ್ಟಿಯಿದ್ದರೆ 5 ಡೆಸಿಬಲ್‌ನಷ್ಟು ಇಳಿದೀತು. ನಿವೇಶನದಲ್ಲಿ ಅಷ್ಟು ಜಾಗ ಎಲ್ಲಿಯದು? ಮರ ಧೂಳಿಗೆ, ನೆರಳಿಗೆ, ಕಣ್ಣಿನ ತಂಪಿಗೆ ಒಳ್ಳೆಯದು, ಸದ್ದಿಗೆ ಮದ್ದಲ್ಲ.

ಸದ್ದನ್ನು ತಡೆಯುವುದು ಮಣ್ಣಿನ ದಿಬ್ಬ, ಸಂದಿಲ್ಲದ ಗೋಡೆ, ಮುಂದಿನ ಸಾಲಿನ ಮನೆಗಳು. ಮನೆಯಿಂದ ರಸ್ತೆಯ ಮೇಲಿನ ಲಾರಿ ಕಾಣದಂತೆ ಮರೆಯಾದರೆ 5 ಡೆಸಿಬಲ್ ಇಳಿಯುತ್ತದೆ. ಕಾಂಪೌಂಡು ಗೋಡೆ ನೆಲಮಹಡಿಗೆ ಸ್ವಲ್ಪ ನೆರವಾಗುತ್ತದೆ, ಮೇಲಿನ ಮಹಡಿಗೆ ಇಲ್ಲ. ಜಾಲರಿ ಗೇಟಿನ ಕಡೆ ಅದರ ಪ್ರಯೋಜನವೇ ಇಲ್ಲ. ರಸ್ತೆ ಗುಡ್ಡ ಕಡಿದು ತಗ್ಗಿನಲ್ಲಿ ಹೋಗಿದ್ದರೆ ಲೇಸು. ಏರಿಯ ಮೇಲೆ ಹೋಗಿದ್ದರೆ ಸದ್ದು ಇಡೀ ಬಡಾವಣೆಯ ಮೇಲೆ ಹರಡುತ್ತದೆ. ಚಿಕ್ಕ ಬಡಾವಣೆಯಲ್ಲಿ ಇರುವುದೇ ಎರಡು ಮೂರು ಸಾಲು. ಮುಂದಿನ ನಿವೇಶನಗಳು ಖಾಲಿ ಇರುವವರೆಗೆ ಹಿಂದಿನವರಿಗೂ ಮರೆಯಿಲ್ಲ.

ಯಾವ ಜಾಗ, ಯಾವ ಹೊತ್ತು

ಮಟ್ಟಸವಾದ ರಸ್ತೆಯಲ್ಲಿ ವೇಗದ ಕಾರಿನ ಸದ್ದು ಹೆಚ್ಚಾಗಿ ಟಯರಿನದು. ಏರು ದಾರಿಯಲ್ಲಿ ಕೆಳ ಗೇರಿನಲ್ಲಿ ಎಳೆಯುವ ಲಾರಿಯ ಸದ್ದು ಇಂಜಿನ್ನಿನದು. ತುಂಬಿದ ಒಂದು ಲಾರಿ ಹತ್ತಾರು ಕಾರುಗಳಿಗೆ ಸಮ. ಉಬ್ಬು, ತಿರುವು, ಕೂಡುರಸ್ತೆ, ಸೇತುವೆಯ ಜೋಡಣೆ, ಲಾರಿ ನಿಲ್ಲುವ ಹೋಟೆಲು ಇವುಗಳ ಹತ್ತಿರ ಬ್ರೇಕು, ಹಾರನ್ನು, ಗೇರುಗಳ ಗದ್ದಲ ಬೇರೆ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಬಂದರಿನ ಲಾರಿ, ಟ್ಯಾಂಕರುಗಳು ರಾತ್ರಿಯೂ ಓಡುತ್ತವೆ. ಸುತ್ತ ನಿಶ್ಶಬ್ದವಿದ್ದಾಗ ಹಾದುಹೋಗುವ ಒಂದೇ ಲಾರಿ ಎಚ್ಚರಗೊಳಿಸಲು ಸಾಕು.

ಚಳಿಗಾಲದ ಶುಭ್ರ ರಾತ್ರಿಯಲ್ಲಿ ನೆಲದ ಬಳಿ ತಣ್ಣನೆಯ ಗಾಳಿಯೂ ಮೇಲೆ ಬೆಚ್ಚನೆಯ ಗಾಳಿಯೂ ಇರುವಾಗ ಸದ್ದು ಮೇಲೇರದೆ ಕೆಳಕ್ಕೆ ಬಾಗಿ, ದೂರದ ರಸ್ತೆ ಹತ್ತಿರವಾದಂತೆ ಕೇಳುತ್ತದೆ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದರಿಂದ ರಸ್ತೆಯ ಮೂಡಲಲ್ಲಿರುವ ಮನೆಗೆ ಆಗ ಸದ್ದು ಹೆಚ್ಚು. ಒದ್ದೆ ರಸ್ತೆಯಲ್ಲಿ ಟಯರಿನ ಸದ್ದೂ ಏರುತ್ತದೆ. ಹೀಗಿರುವಾಗ ಬೇಸಿಗೆಯ ಭಾನುವಾರ ಹಗಲು 11 ಗಂಟೆಗೆ ನೋಡಿದ ಮನೆ ನಿಜವಾದ ಮನೆಯಲ್ಲ.

ಕೊಳ್ಳುವವರು ಮಾಡಬೇಕಾದುದು

1. ವಾರದ ಕೆಲಸದ ದಿನ, ಹಗಲು ಒಮ್ಮೆ, ರಾತ್ರಿ 11ರ ನಂತರ ಒಮ್ಮೆ, ಬೆಳಗಿನ ಜಾವ ಒಮ್ಮೆ ಹೋಗಿ, ಪ್ರತಿಸಲ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ದಲ್ಲಾಳಿ ಜೊತೆಗಿರುವುದು ಬೇಡ.

2. ಅಂಗಳದಲ್ಲಿ ಎರಡು ಮಾರು ದೂರ ನಿಂತ ಇಬ್ಬರು ಸಹಜ ದನಿಯಲ್ಲಿ ಮಾತಾಡಿ ನೋಡಿ. ದನಿ ಏರಿಸಬೇಕಾದರೆ ಆ ಅಂಗಳ ಕೂರುವುದಕ್ಕಲ್ಲ. ಮೊಬೈಲಿನಲ್ಲಿ ಸದ್ದು ಅಳೆಯುವ ಸೌಲಭ್ಯವಿದೆ. ಅದು ಅಂದಾಜಿಗೆ ಮಾತ್ರ, ಎರಡು ಮನೆಗಳನ್ನು ಹೋಲಿಸಲು ಸಾಕು.

3. ಕಿಟಕಿ ಮುಚ್ಚಿ, ತೆರೆದು, ಎರಡೂ ರೀತಿ ಕೇಳಿ. ಸಂದು ಇದ್ದಲ್ಲಿ ಸದ್ದು ನುಗ್ಗುತ್ತದೆ. ಹಂಚಿನ ಮಾಡಿನಲ್ಲಿ ಸಂದುಗಳೇ ಹೆಚ್ಚು. ಮಲಗುವ ಕೋಣೆ ರಸ್ತೆಗೆ ಬೆನ್ನು ಮಾಡಿರಲಿ.

4. ಅಕ್ಕಪಕ್ಕದಲ್ಲಿ ವಾಸವಿರುವವರನ್ನು, ಮುಖ್ಯವಾಗಿ ಹೆಂಗಸರನ್ನೂ ವಯಸ್ಸಾದವರನ್ನೂ ಕೇಳಿ. ಇಡೀ ದಿನ ಮನೆಯಲ್ಲಿರುವವರು ಅವರೇ.

5. ರಸ್ತೆ ಅಗಲವಾಗಲಿದೆಯೇ, ಬೈಪಾಸು ಬರಲಿದೆಯೇ ಎಂದು ಹೆದ್ದಾರಿ ಹಾಗೂ ನಗರ ಯೋಜನಾ ಕಚೇರಿಗಳಲ್ಲಿ ವಿಚಾರಿಸಿ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರು, ಮಂಡ್ಯ ಮುಂತಾದ ಊರುಗಳನ್ನು ಬಳಸಿ ಹೋಗುತ್ತದೆ. ಇಂಥಲ್ಲಿ ಪೇಟೆಯ ಸದ್ದು ಇಳಿದರೆ ಹೊಲದ ಸದ್ದು ಏರುತ್ತದೆ. ಹಳೆಯ ಪತ್ರಗಳಲ್ಲಿ ಹೆದ್ದಾರಿಯ ಹಳೆಯ ಸಂಖ್ಯೆ ಇರಬಹುದು. ಹಿಂದೆ 48 ಆಗಿದ್ದ ಬೆಂಗಳೂರು–ಮಂಗಳೂರು ಹೆದ್ದಾರಿ 2010ರಿಂದ 75.

ಅಂಗಡಿ ಮಳಿಗೆ ಕಟ್ಟುವ ಉದ್ದೇಶವಿದ್ದರೆ ಮುಂದಿನ ಸಾಲೇ ಯೋಗ್ಯ. ಅದು ಬೇರೆ ಮಾತು. ವಾಸಕ್ಕಾದರೆ, ಬೆಲೆ ಕಡಮೆಯೆಂದು ಸದ್ದಿನ ಮನೆ ಕೊಂಡವರಿಗೆ ಮಾರುವಾಗಲೂ ಬೆಲೆ ಕಡಮೆಯೇ ಸಿಗುವುದೆಂಬುದನ್ನು ಮರೆಯಬಾರದು. ಜೀವನವಿಡೀ ತೋಟದಲ್ಲಿ ಜೀರುಂಡೆಯ ಸದ್ದಿಗೆ ನಿದ್ದೆ ಮಾಡಿದ ತಂದೆ ತಾಯಿಯರನ್ನು ಪೇಟೆಗೆ ಕರೆತರುವುದು ಅವರ ಸುಖಕ್ಕಾಗಿ. ಅವರು ಮಲಗುವ ಕೋಣೆಯಲ್ಲಿ ಮೊದಲು ನಾವು ಒಂದು ರಾತ್ರಿ ಕಳೆದು, ಆಮೇಲೆ ಮುಂಗಡ ಕೊಡೋಣ.