ಮಡುವಿಗೆ ಕರೆಂಟ್ ಹಾಯಿಸಿದರೆ

ಆಳಂದದ ಕಡೆಯಿಂದ ಇಳಿದು ಬರುವ ಅಮರ್ಜಾ, ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಅದೇ ಕಡೆಯ ಗೊಬ್ಬೂರ ಸೀಮೆಯವರಿಗೆ ಹೊಳೆಮೀನು ಎಂದರೆ ಈ ಎರಡು ನದಿಗಳದ್ದೇ. ಬೇಸಿಗೆಯಲ್ಲಿ ಹರಿವು ಸೊರಗಿದಾಗ ಮೀನುಗಳು ಮಡುಗಳಲ್ಲಿ ಕೂಡಿಕೊಳ್ಳುತ್ತವೆ. ಮುಂಗಾರಿನ ಹೊಸ ನೀರಿಗೆ ಮೊಟ್ಟೆ ಇಡಲು ಹೊರಡಬೇಕಾದದ್ದೂ ಈ ಉಳಿದ ಮೀನುಗಳೇ. ಇಂಥ ಮಡುವಿಗೆ ಪಂಪ್‌ಸೆಟ್ಟಿನ ಕರೆಂಟ್ ಹಾಯಿಸಿದರೆ ಏನಾಗುತ್ತದೆ?

ಸಿಹಿನೀರಿನಲ್ಲಿ ಲವಣ ಕಡಿಮೆ, ಮೀನಿನ ಮೈಯಲ್ಲಿ ಹೆಚ್ಚು. ಹೀಗಾಗಿ ವಿದ್ಯುತ್ತಿಗೆ ಸುತ್ತಲಿನ ನೀರಿಗಿಂತ ಮೀನಿನ ಮೈಯೇ ಸಲೀಸಾದ ದಾರಿ. ತಂತಿಯಿಂದ ದೂರ ಸರಿದಂತೆ ನೀರಿನಲ್ಲಿ ವೋಲ್ಟೇಜ್ ಇಳಿಯುತ್ತದೆ. ತಲೆಗೂ ಬಾಲಕ್ಕೂ ನಡುವಿನ ವ್ಯತ್ಯಾಸ ಎಷ್ಟೋ ಮೀನಿಗೆ ಬೀಳುವ ಪೆಟ್ಟೂ ಅಷ್ಟು. ಮೈ ಉದ್ದವಾದಷ್ಟೂ ಪೆಟ್ಟು ಜೋರು. ಮೊಟ್ಟೆ ತುಂಬಿದ ದೊಡ್ಡ ಮೀನೇ ಮೊದಲು ಬಲಿಯಾಗುವುದು ಇದರಿಂದ.

ನಮ್ಮ ಮನೆ-ಹೊಲಗಳ ಕರೆಂಟ್ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಮೀನಿನ ಎರಡೂ ಮಗ್ಗುಲಿನ ಸ್ನಾಯುಗಳು ಒಮ್ಮೆಗೇ ಸೆಟೆದುಕೊಂಡು ಬೆನ್ನುಮೂಳೆ ಮುರಿಯಬಹುದು, ರಕ್ತನಾಳ ಒಡೆಯಬಹುದು. ಸೀಳಿ ನೋಡಿದರೆ ಮೂಳೆಯ ಪಕ್ಕದ ಮಾಂಸದಲ್ಲಿ ಹೆಪ್ಪುಗಟ್ಟಿದ ರಕ್ತದ ಕಪ್ಪು ಕಲೆ ಕಾಣುತ್ತದೆ. ತೇಲಿದ್ದನ್ನು ಬಾಚಿಕೊಳ್ಳುತ್ತಾರೆ, ತಳಕ್ಕಿಳಿದದ್ದು ಯಾರ ಬುಟ್ಟಿಗೂ ಬರುವುದಿಲ್ಲ. ವಿಜ್ಞಾನಿಗಳೂ ಮೀನಿನ ಗಣತಿಗೆ ವಿದ್ಯುತ್ ಬಳಸುತ್ತಾರೆ ನಿಜ. ಆದರೆ ಅವರದು ಅಳೆದು ತೂಗಿ ಬಿಡುವ, ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಮೀನು ಧನಾಗ್ರದ ಕಡೆ ಈಜಿ ಬಂದು ಮಂಕಾಗುತ್ತದೆ, ಎಣಿಸಿ ಮತ್ತೆ ನೀರಿಗೆ ಬಿಡುತ್ತಾರೆ.

ಮಡುವಿಗೆ ಹಾಯಿಸಿದ ಕರೆಂಟ್ ಮನುಷ್ಯನಿಗೂ ಸಾವಿನ ದಾರಿ. ಒದ್ದೆ ಮೈಯ ರೋಧ ಸುಮಾರು 1000 ಓಮ್‌ಗೆ ಇಳಿದರೆ 230 ವೋಲ್ಟ್ ತಗುಲಿದಾಗ 230 ಮಿಲಿಆಂಪಿಯರ್ ಹರಿಯುತ್ತದೆ. ಹೃದಯದ ಬಡಿತ ಕೆಡಲು ಅದರ ಅರ್ಧವೇ ಸಾಕು.

1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷವನ್ನು ನಿಷೇಧಿಸಿತು. ಶಿಕ್ಷೆ 2 ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿವರೆಗೆ ದಂಡ. ವಿದ್ಯುತ್ತಿನ ಮಾತು ಅದರಲ್ಲಿಲ್ಲ, ಇರುವಂತೆಯೂ ಇರಲಿಲ್ಲ: ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆ ಶುರುವಾದದ್ದೇ 1902ರಲ್ಲಿ. ಇಂದು ಕಂಬದ ತಂತಿಗೆ ಕೊಕ್ಕೆ ಹಾಕಿದವನಿಗೆ 2003ರ ವಿದ್ಯುತ್ ಕಾಯ್ದೆಯಡಿ 3 ವರ್ಷದವರೆಗೆ ಸೆರೆಯಾಗಬಹುದು. ಅದು ಕರೆಂಟ್ ಕದ್ದದ್ದಕ್ಕೆ. ಮಡು ಬರಿದಾದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಬ್ಯಾಟರಿ-ಇನ್ವರ್ಟರ್ ಹೊತ್ತು ನೀರಿಗಿಳಿದವನು ಯಾರ ಕರೆಂಟನ್ನೂ ಕದ್ದಿಲ್ಲ. ಅವನನ್ನು ತಡೆಯಬೇಕಾದದ್ದು ಮೀನಿನ ಕಾಯ್ದೆಯೇ.

ಚೀನಾದ ಮೀನುಗಾರಿಕೆ ಕಾಯ್ದೆ ಸಿಡಿಮದ್ದು, ವಿಷಗಳ ಜೊತೆ ವಿದ್ಯುತ್ತನ್ನೂ ಹೆಸರಿಸಿಯೇ ನಿಷೇಧಿಸಿದೆ. ಯಾಂಗ್ಟ್ಸಿ ನದಿಯ ಬೈಜಿ ಡಾಲ್ಫಿನ್‌ಗಳ ಸಾವಿಗೆ ಅಲ್ಲಿನ ಕರೆಂಟ್ ಬೇಟೆಯೂ ಒಂದು ಕಾರಣ. 2006ರ ಸಮೀಕ್ಷೆಯಲ್ಲಿ ಒಂದೂ ಕಾಣಲಿಲ್ಲ. ನಮ್ಮಲ್ಲಿ ಮೀನುಗಾರಿಕೆ ರಾಜ್ಯಪಟ್ಟಿಯ ವಿಷಯ, ಒಳನಾಡು ಮೀನುಗಾರಿಕೆಗೆಂದೇ 1996ರ ಕರ್ನಾಟಕದ ಕಾಯ್ದೆಯೂ ಇದೆ. ಬಲೆ ಹಾಕಿ ಬದುಕುವವರ ಅನ್ನ ಉಳಿಯಬೇಕಾದರೆ ಕರೆಂಟ್ ಬೇಟೆಯ ಶಿಕ್ಷೆ ಕರೆಂಟ್ ಕಳವಿನ ಶಿಕ್ಷೆಗಿಂತ ಕಡಿಮೆ ಇರಕೂಡದು. ಪಹರೆಯಂತೂ ಮಡುಗಳಲ್ಲಿ ಮೀನು ಕೂಡಿಕೊಳ್ಳುವ ಏಪ್ರಿಲ್-ಮೇ ತಿಂಗಳಲ್ಲೇ ನಡೆಯಬೇಕು.